ಹಿಮದೊಳಗಿನ ಬಾಣಂತಿ ಕೋಣೆ

ನಾರ್ವೆಯ ಉತ್ತರಕ್ಕೆ, ಆರ್ಕ್ಟಿಕ್‌ನಲ್ಲಿರುವ ಸ್ವಾಲ್ಬಾರ್ಡ್ ದ್ವೀಪಗಳ ಕಾಂಗ್ಸ್‌ಫಿಯೋರ್ಡನ್ ಎಂಬ ಫಿಯೋರ್ಡ್‌ನಲ್ಲಿ (ಬೆಟ್ಟಗಳ ನಡುವೆ ಒಳಚಾಚಿದ ಸಮುದ್ರದ ತೋಳು) ರಿಂಗ್ಡ್ ಸೀಲ್ ಎಂಬ ಕಡಲ ಸಸ್ತನಿಗಳ ಗೂಡು ಹುಡುಕಲು ಹೋದವನು ಮೊದಲ ದಿನವೇ ಎಡವಿದೆ. ಡ್ರಿಲ್ ಹಿಡಿದು ಮಂಜುಗಡ್ಡೆಯ ದಪ್ಪ ಅಳೆಯುತ್ತಾ ನಡೆದೆ. ಗಡ್ಡೆ ಗಟ್ಟಿಯಿದ್ದಲ್ಲಿ ಸೀಲ್ ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಅರ್ಧ ದಿನ ಸುಮ್ನೆ ಹಾಳಾಯಿತು. ಗಡ್ಡೆ ಚೆನ್ನಾಗಿತ್ತು, ಗೂಡು ಒಂದೂ ಇರಲಿಲ್ಲ.

ತಾಯಿ ಸೀಲ್‌ಗೆ ಗಡ್ಡೆಯಷ್ಟೇ ಅದರ ಮೇಲೆ ಕೂತ ಹಿಮವೂ ಬೇಕು. ಸಮುದ್ರ ಹೆಪ್ಪುಗಟ್ಟುವಾಗಲೇ ಅದು ಮುಂಗಾಲಿನ ಉಗುರಿನಿಂದ ಕೆರೆದು ಉಸಿರಾಟದ ತೂತು ಮಾಡಿಕೊಳ್ಳುತ್ತದೆ, ಚಳಿಗಾಲವಿಡೀ ಮುಚ್ಚದಂತೆ ಕಾಯುತ್ತದೆ. ತೂತಿನ ಮೇಲೆ ಹಿಮ ರಾಶಿಯಾದರೆ ಕೆಳಗಿನಿಂದಲೇ ಅಗೆದು ಕೋಣೆ ಮಾಡುತ್ತದೆ. ಅದೇ ಬಾಣಂತಿ ಕೋಣೆ. ಮಾರ್ಚ್ ಕೊನೆಯಿಂದ ಏಪ್ರಿಲ್‌ವರೆಗೆ ಅಲ್ಲಿ ಮರಿ ಹುಟ್ಟುತ್ತದೆ. ತೂಕ 4–5 ಕಿಲೋ, ಮೈತುಂಬ ಬಿಳಿ ಉಣ್ಣೆ, ಕೊಬ್ಬು ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಹೊರಗೆ ಮೈನಸ್ 20 ಡಿಗ್ರಿ ಇದ್ದರೂ ಒಳಗೆ ಅಷ್ಟು ಚಳಿ ಇರುವುದಿಲ್ಲ. ಮರಿ ಸುಮಾರು ಆರು ವಾರ ಹಾಲು ಕುಡಿಯುತ್ತದೆ.

ಮರುದಿನ ಹಿಮನದಿಯ ಬಾಯಿಯ ಕಡೆ ಹೋದೆವು. ಅಲ್ಲಿ ಮುರಿದು ಬಿದ್ದ ದೊಡ್ಡ ತುಂಡುಗಳು ಸಮುದ್ರದ ಗಡ್ಡೆಯಲ್ಲೇ ಸಿಕ್ಕಿಕೊಂಡಿರುತ್ತವೆ. ಗಾಳಿಗೆ ಹಾರಿಬಂದ ಹಿಮ ಅವುಗಳ ಬದಿಗೆ ಗುಡ್ಡೆಯಾಗುತ್ತದೆ. ನಮಗೆ ಮೇಲಿನಿಂದ ಏನೂ ಕಾಣಲಿಲ್ಲ, ಎಲ್ಲಾ ಒಂದೇ ಬಿಳುಪು. ಗೂಡಿನ ವಾಸನೆ ಹಿಡಿಯಲು ಪಳಗಿದ ನಮ್ಮ ನಾಯಿ ಮಾತ್ರ ನಿಂತು ಕೆರೆಯತೊಡಗಿತು. ಉದ್ದನೆಯ ಸರಳನ್ನು ಮೆಲ್ಲಗೆ ಇಳಿಸಿದೆ. ಬಿಗಿಯಾಗಿ ಹೋಗುತ್ತಿದ್ದದ್ದು ಥಟ್ಟನೆ ಹಗುರಾಯಿತು. ಕೆಳಗೆ ಟೊಳ್ಳು! ಗೂಡು ಒಡೆಯದೆ ಜಾಗ ಗುರುತಿಸಿಕೊಂಡು, ಸದ್ದಿಲ್ಲದೆ ಹಿಂದೆ ಸರಿದೆವು.

ಇನ್ನೊಂದು ಕಡೆ ಸೀಮೆಎಣ್ಣೆಯಂಥ ವಾಸನೆ ಮೂಗಿಗೆ ಬಡಿಯಿತು. ಹಿಮವಾಹನದ ಟ್ಯಾಂಕ್ ಸೋರುತ್ತಿದೆ ಅಂತ ಗಾಬರಿಯಿಂದ ಬಗ್ಗಿ ನೋಡಿದೆ. ಜೊತೆಗಿದ್ದವರು ನಕ್ಕರು. ಅದು ಗಂಡು ಸೀಲ್ ವಾಸನೆ! ಈ ಕಾಲದಲ್ಲಿ ಅವು ಹೀಗೇ ನಾರುತ್ತವಂತೆ.

ಒಂದು ಗೂಡಿನ ಚಾವಣಿ ಕುಸಿದಿತ್ತು, ಸುತ್ತ ಹಿಮಕರಡಿಯ ಹೆಜ್ಜೆ. ಮರಿ ತಪ್ಪಿಸಿಕೊಂಡಿರಲೂಬಹುದು. ತಾಯಿ ಒಂದಕ್ಕಿಂತ ಜಾಸ್ತಿ ಗೂಡು ಇಟ್ಟುಕೊಂಡಿರುತ್ತದೆ, ಮರಿಯೂ ಹಾಲು ಬಿಡುವ ಮೊದಲೇ ಮುಳುಗಿ ಈಜಲು ಕಲಿಯುತ್ತದೆ.

2006ರ ನಂತರ ಈ ಫಿಯೋರ್ಡ್ ಮೊದಲಿನಂತೆ ಹೆಪ್ಪುಗಟ್ಟುತ್ತಿಲ್ಲ. ತಡವಾಗಿ ಗಟ್ಟಿಯಾದ ಗಡ್ಡೆಯ ಮೇಲೆ ಹಿಮ ಕೂರಲು ಸಮಯ ಎಲ್ಲಿದೆ? ಕೊನೆಯ ದಿನ ಬಯಲಲ್ಲೇ ಮಲಗಿದ್ದ ಮರಿಯೊಂದನ್ನು ದುರ್ಬೀನಿನಲ್ಲಿ ಕಂಡೆ. ಸ್ವಲ್ಪ ದೂರದಲ್ಲಿ ದೊಡ್ಡ ಕಡಲಕ್ಕಿಯೊಂದು ಕಾದು ನಿಂತಿತ್ತು. ನಾವಿದ್ದ ಕಡೆ ಹಿಮ ಅಳೆದೆ. ಬರೀ 12 ಸೆಂಟಿಮೀಟರ್, ಗೂಡು ಕೊರೆಯಲು ಸಾಲದು.