ಅಲುಗಾಡದ ಕೆಲಸದ ಮೇಜು ಮನೆಯಲ್ಲೇ ಕಟ್ಟುವುದು ಹೇಗೆ?

ಕಟ್ಟಿಗೆಯ ಮೈ ಕೀಸಿ ನಯ ಮಾಡಲು ರಂದಾ ಹೊಡೆಯುವಾಗ ಮೇಜು ಓಲಾಡಿದರೆ ತೋಳಿನ ಅರ್ಧ ಬಲವನ್ನು ಮೇಜೇ ನುಂಗುತ್ತದೆ. ಗರಗಸ ಗೆರೆ ಬಿಡುತ್ತದೆ, ಉಳಿ ಜಾರಿ ಕೈಗೆ ಬರುತ್ತದೆ. ಮನೆಯ ಹಳೇ ಊಟದ ಮೇಜನ್ನು ಶೆಡ್ಡಿಗೆ ಸಾಗಿಸಿ ಕೆಲಸ ಶುರು ಮಾಡುವವರೇ ಹೆಚ್ಚು. ಆದರೆ ಅದರ ಕಾಲುಗಳು ಮೇಲಿನ ಭಾರ ಹೊರಲು ಮಾಡಿದವು, ಅಡ್ಡ ನೂಕನ್ನು ತಡೆಯಲು ಅಲ್ಲ. ಎಷ್ಟು ಮೊಳೆ ಬಡಿದರೂ ತಿಂಗಳೊಪ್ಪತ್ತಿನಲ್ಲಿ ಮತ್ತೆ ಅಲುಗಾಡುತ್ತದೆ.

ಇಲ್ಲಿ ವಿವರಿಸುವ ಮೇಜು 5 ಅಡಿ ಉದ್ದ, 2 ಅಡಿ ಅಗಲ, 32 ಇಂಚು ಎತ್ತರದ್ದು. ಭಾರವೆಲ್ಲ ಕಟ್ಟಿಗೆಯ ಮೇಲೆ ಕಟ್ಟಿಗೆ ಕೂತು ಇಳಿಯುತ್ತದೆ, ಬೋಲ್ಟು ಸ್ಕ್ರೂಗಳು ಅದನ್ನು ಹಿಡಿದಿಡುತ್ತವೆ ಅಷ್ಟೆ. ಉಳಿಯಿಂದ ಆಳದ ತೂತು ಕೊರೆಯುವ ಕೈಚಳಕ ಇಲ್ಲದವರೂ ಇದನ್ನು ಕಟ್ಟಬಹುದು.

ಎತ್ತರವನ್ನು ನಿಮ್ಮ ಮೈಗೆ ಹೊಂದಿಸಿಕೊಳ್ಳಿ. ಕೆಲಸದ ಚಪ್ಪಲಿ ಹಾಕಿ ನೆಟ್ಟಗೆ ನಿಂತು, ಕೈ ಇಳಿಬಿಟ್ಟು, ನೆಲದಿಂದ ಮಣಿಕಟ್ಟಿನ ಗೆರೆಯವರೆಗೆ ಅಳೆಯಿರಿ. ಐದೂವರೆ ಅಡಿ ಆಸುಪಾಸಿನವರಿಗೆ ಅದು 32 ಇಂಚು ಬರುತ್ತದೆ. ರಂದಾ ಕೆಲಸಕ್ಕೆ ಇದೇ ಸರಿಯಾದ ಎತ್ತರ. ಕೊರೆಯುವ, ಜೋಡಿಸುವ ಕೆಲಸವೇ ಹೆಚ್ಚಿದ್ದರೆ ಎರಡು ಇಂಚು ಏರಿಸಿ.

ಯಾವ ಕಟ್ಟಿಗೆ?

ನಮ್ಮ ಭಾಗದಲ್ಲಿ ಇದಕ್ಕೆ ಅತ್ಯುತ್ತಮ ಕಟ್ಟಿಗೆ ಹಳೇ ಮನೆಗಳಲ್ಲಿದೆ. ಹುಬ್ಬಳ್ಳಿ, ಧಾರವಾಡ, ಗದಗ-ಬೆಟಗೇರಿಯ ಹಳೇ ಪೇಟೆಗಳಲ್ಲಿ ಮಾಳಿಗೆ ಮನೆ ಕೆಡವಿದಾಗ ಸಾಗವಾನಿ, ಮತ್ತಿಯ ಜಂತಿ-ತೊಲೆಗಳು ಮಾರಾಟಕ್ಕೆ ಬರುತ್ತವೆ. ದಶಕಗಟ್ಟಲೆ ಒಣಗಿದ ಆ ಕಟ್ಟಿಗೆ ಇನ್ನು ಸೊಟ್ಟಾಗುವುದು ಕಡಿಮೆ. ಕೊಳ್ಳುವ ಮುನ್ನ ಎರಡು ಪರೀಕ್ಷೆ ಮಾಡಿ. ಜಂತಿಯ ತುದಿಯ ಒಂದಡಿ ಭಾಗ ಮಣ್ಣಿನ ಗೋಡೆಯೊಳಗೆ ಹೂತಿದ್ದರಿಂದ ಹಸಿ ಹಿಡಿದು ಟೊಳ್ಳಾಗಿರಬಹುದು; ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ, ಒಳಗಿಳಿದರೆ ಆ ಭಾಗವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮಿಲ್ಲಿಗೆ ಒಯ್ಯುವ ಮೊದಲು ಉದ್ದಕ್ಕೂ ಅಯಸ್ಕಾಂತ ಆಡಿಸಿ, ಮುರಿದ ಮೊಳೆಗಳನ್ನೆಲ್ಲ ಕೀಳಿ. ಒಳಗೆ ಉಳಿದ ಒಂದೇ ಮೊಳೆ ಮಿಲ್ಲಿನ ಬ್ಲೇಡಿನ ಹಲ್ಲು ಹಾರಿಸುತ್ತದೆ.

ಹೊಸ ಕಟ್ಟಿಗೆಯಾದರೆ ಮಾವು ಅಗ್ಗ, ಧಾರವಾಡದ ಸುತ್ತಮುತ್ತ ಸುಲಭವಾಗಿ ಸಿಗುತ್ತದೆ, ಆದರೆ ಹುಳು ಬೇಗ ಬೀಳುತ್ತದೆ. ಚಕ್ಕಡಿ, ಕುಂಟೆಗಳಿಗೆ ಬಳಸುವ ಜಾಲಿ ಕಲ್ಲಿನಂತೆ ಗಟ್ಟಿ. ಕಾಲುಗಳಿಗೆ ಒಳ್ಳೆಯದು, ಹಸಿಯಿದ್ದಾಗ ಕೊಯ್ದರೆ ಮಾತ್ರ ಸೀಳುತ್ತದೆ. ಯಾವುದೇ ಮರವಾಗಲಿ, ತೊಗಟೆಗೆ ಹತ್ತಿರದ ಬಿಳಿ ಭಾಗ ಬೇಡ. ಒರಲೆ ಮೊದಲು ಹತ್ತುವುದೇ ಅಲ್ಲಿಗೆ.

ಕಟ್ಟಿಗೆ ಅಡ್ಡೆಯಲ್ಲಿ ಅಳತೆ ಹೇಳುವಾಗ ‘ರಂದಾ ಹೊಡದ ಮ್ಯಾಲ ಒಂದೂವರಿ ಇಂಚು ಉಳೀಬೇಕ್ರಿ’ ಎಂದು ಬಿಡಿಸಿ ಹೇಳಿ. ಬರೀ ಒಂದೂವರೆ ಇಂಚು ಎಂದರೆ ಕೊಯ್ದ ಅಳತೆ ಅಷ್ಟಿರುತ್ತದೆ, ರಂದಾ ಹೊಡೆದ ಮೇಲೆ ಒಂದೂಕಾಲು ಕೈಗೆ ಬರುತ್ತದೆ. ಸವಕಳಿ ಸೇರಿ ಒಟ್ಟು ಸುಮಾರು 5 ಘನ ಅಡಿ ಕಟ್ಟಿಗೆ ಬೇಕು.

ರಂದಾ ಹೊಡೆದ ನಂತರದ ಅಳತೆಗಳು:

ಕಾಲಿನ ಹೊರಪಟ್ಟಿ: 4 × 1½ ಇಂಚು, 30 ಇಂಚು ಉದ್ದ – 4
ಕಾಲಿನ ಒಳತುಂಡು: ಅದೇ ದಪ್ಪ-ಅಗಲ, 6 ಇಂಚು ಉದ್ದ – 4, 16 ಇಂಚು ಉದ್ದ – 4
ಅಡ್ಡಪಟ್ಟಿ: ಅದೇ ದಪ್ಪ-ಅಗಲ, 22 ಇಂಚು ಉದ್ದ – 4
ಉದ್ದಪಟ್ಟಿ: 6 × 1½ ಇಂಚು, 52 ಇಂಚು ಉದ್ದ – 3
ಮೇಲ್ಹಲಗೆ: 8 × 2 ಇಂಚು, 60 ಇಂಚು ಉದ್ದ – 3
10 ಎಂಎಂ ಬೋಲ್ಟು, 6 ಇಂಚು ಉದ್ದ – 12, ತಲಾ ಒಂದು ನಟ್ಟು, ಎರಡು ವಾಷರ್
8 ಎಂಎಂ ಕೋಚ್ ಸ್ಕ್ರೂ (ಪಾನಾದಿಂದ ತಿರುಗಿಸುವ ದಪ್ಪ ಸ್ಕ್ರೂ), 3 ಇಂಚು ಉದ್ದ – 12, ವಾಷರ್ ಸಹಿತ
ಎರಡೂವರೆ ಇಂಚಿನ ಸ್ಕ್ರೂ ಒಂದು ಪೆಟ್ಟಿಗೆ, ಫೆವಿಕಾಲ್ ಅರ್ಧ ಕೆಜಿ

ಎತ್ತರ ಬದಲಿಸುವವರು 30 ಇಂಚಿನ ಮತ್ತು 16 ಇಂಚಿನ ತುಂಡುಗಳನ್ನಷ್ಟೇ ಬದಲಿಸಿದರೆ ಸಾಕು.

ಎರಡು ಮಗ್ಗುಲ ಚೌಕಟ್ಟು

ಹೊರಪಟ್ಟಿಗಳೆರಡನ್ನು ನೆಲದ ಮೇಲೆ ಮಲಗಿಸಿ, ಹೊರ ಅಂಚಿನಿಂದ ಹೊರ ಅಂಚಿಗೆ 22 ಇಂಚು ಬರುವಂತೆ ಇಡಿ. ಪ್ರತಿ ಪಟ್ಟಿಯ ಬುಡಕ್ಕೆ 6 ಇಂಚಿನ ತುಂಡನ್ನು ಅಂಟಿಸಿ. ಅದಕ್ಕೆ ತಾಗಿ ಒಂದು ಅಡ್ಡಪಟ್ಟಿ, ಅದರ ಮೇಲೆ 16 ಇಂಚಿನ ತುಂಡು, ತುದಿಯಲ್ಲಿ ಇನ್ನೊಂದು ಅಡ್ಡಪಟ್ಟಿ. 6, 4, 16, 4 ಸೇರಿ ಸರಿಯಾಗಿ 30 ಆಗುತ್ತದೆ. ಕೆಳಗಿನ ಅಡ್ಡಪಟ್ಟಿ 6 ಇಂಚಿನ ತುಂಡಿನ ಮೇಲೆ, ಮೇಲಿನದು 16 ಇಂಚಿನದರ ಮೇಲೆ ಕೂತಿರುವುದರಿಂದ ಭಾರ ನೇರ ನೆಲಕ್ಕೆ ಇಳಿಯುತ್ತದೆ. ತುಂಡುಗಳ ನಡುವೆ ಕಾಗದದಷ್ಟು ಸಂದಿಯೂ ಉಳಿಯಬಾರದು; ಉಳಿದರೆ ಆ ಭಾರವೆಲ್ಲ ಸ್ಕ್ರೂ ಮೇಲೆ ಬೀಳುತ್ತದೆ.

ಅಂಟು ಹಚ್ಚಿದ ಕೂಡಲೇ ಕರ್ಣಗಳನ್ನು ಅಳೆಯಿರಿ. ಎಡ ಮೇಲಿನ ಮೂಲೆಯಿಂದ ಬಲ ಕೆಳಗಿನ ಮೂಲೆಗೆ, ಬಲ ಮೇಲಿನಿಂದ ಎಡ ಕೆಳಗೆ – ಎರಡೂ ಒಂದೇ ಬರಬೇಕು. ವ್ಯತ್ಯಾಸವಿದ್ದರೆ ಉದ್ದದ ಕರ್ಣದ ತುದಿಗಳನ್ನು ಒತ್ತಿ ಸರಿಪಡಿಸಿ, ಆಮೇಲೆ ಸ್ಕ್ರೂ ಹಾಕಿ. ಪ್ರತಿ ಸ್ಕ್ರೂಗೂ ಮೊದಲು ಸಣ್ಣ ತೂತು ಕೊರೆಯಿರಿ, ಜಾಲಿ, ಮತ್ತಿಗಂತೂ ಕಡ್ಡಾಯ. ನೆಲದಿಂದ 10 ರಿಂದ 16 ಇಂಚಿನ ನಡುವೆ ಯಾವ ಕಾಲಿಗೂ ಸ್ಕ್ರೂ ಹಾಕಬೇಡಿ. ಹಿಂಗಾಲುಗಳಲ್ಲಿ 20 ರಿಂದ 26 ಇಂಚಿನ ನಡುವೆಯೂ ಬೇಡ. ಬೋಲ್ಟುಗಳು ಹಾಯುವ ಜಾಗವದು. ಅಡ್ಡ ನಿಂತ ಸ್ಕ್ರೂಗೆ ತಾಗಿದರೆ ಡ್ರಿಲ್ ಬಿಟ್ ಮುರಿದು ಕಾಲಿನೊಳಗೇ ಉಳಿಯುತ್ತದೆ. ಚೌಕಟ್ಟುಗಳನ್ನು ಕ್ಲಾಂಪಿನಲ್ಲಿ ಬಿಗಿದು ಒಂದು ದಿನ ಬಿಡಿ. ಮಳೆಗಾಲದ ಥಂಡಿಯಲ್ಲಿ ಎರಡು ದಿನ.

ಉದ್ದಪಟ್ಟಿ, ಬೋಲ್ಟು

ಅಡ್ಡಪಟ್ಟಿಗಳು ಒಳಮುಖವಾಗಿರುವಂತೆ ಚೌಕಟ್ಟುಗಳನ್ನು ನಿಲ್ಲಿಸಿ. ಹೊರ ಅಂಚುಗಳ ನಡುವೆ 48 ಇಂಚು ಇರಲಿ. ಎರಡು ಉದ್ದಪಟ್ಟಿಗಳನ್ನು ಕೆಳಗಿನ ಅಡ್ಡಪಟ್ಟಿಗಳ ಮೇಲೆ ಕೂರಿಸಿ, ಒಂದನ್ನು ಮುಂಗಾಲುಗಳ ಒಳ ಅಂಚಿಗೆ, ಇನ್ನೊಂದನ್ನು ಹಿಂಗಾಲುಗಳ ಒಳ ಅಂಚಿಗೆ ಒತ್ತಿ. ಮೂರನೆಯದು ಹಿಂದುಗಡೆ ಮಾತ್ರ, ಮೇಲಿನ ಅಡ್ಡಪಟ್ಟಿಯ ಅಡಿಗೆ ತಾಗಿರಲಿ. ಮುಂದೆ ಮೇಲ್ಭಾಗ ತೆರೆದಿದ್ದರೆ ಕ್ಲಾಂಪ್ ಹಾಕಲು ಜಾಗ ಸಿಗುತ್ತದೆ. ಪ್ರತಿ ಪಟ್ಟಿಯೂ ಕಾಲಿನಾಚೆ ಎರಡೆರಡು ಇಂಚು ಚಾಚಿರುತ್ತದೆ. ಅಂದಕ್ಕೆಂದು ಅದನ್ನು ಕತ್ತರಿಸಬೇಡಿ, ತುದಿಗೆ ತೀರಾ ಹತ್ತಿರ ತೂತು ಬಿದ್ದರೆ ಪಟ್ಟಿ ಸೀಳುತ್ತದೆ.

ಪಟ್ಟಿಯನ್ನು ಕ್ಲಾಂಪಿನಲ್ಲಿ ಬಿಗಿದು ಕಾಲು, ಪಟ್ಟಿ ಎರಡನ್ನೂ ಒಟ್ಟಿಗೇ ಕೊರೆಯಿರಿ. ಪ್ರತಿ ಪಟ್ಟಿಗೆ ಒಂದೊಂದು ಕಾಲಿನಲ್ಲೂ ಎರಡು ಬೋಲ್ಟು, ಓರೆಯಾಗಿ: ಪಟ್ಟಿಯ ಮೇಲಂಚಿನಿಂದ ಒಂದೂವರೆ ಇಂಚು ಕೆಳಗೆ ಹೊರಪಟ್ಟಿಯ ಮಧ್ಯದಲ್ಲಿ ಒಂದು, ಕೆಳ ಅಂಚಿನಿಂದ ಒಂದೂವರೆ ಇಂಚು ಮೇಲೆ ಒಳತುಂಡಿನ ಮಧ್ಯದಲ್ಲಿ ಇನ್ನೊಂದು. ಒಂದೇ ಬೋಲ್ಟಿದ್ದರೆ ಅದರ ಸುತ್ತ ಪಟ್ಟಿ ತಿರುಗುತ್ತದೆ, ಮೇಜು ಓಲಾಡುವುದಕ್ಕೆ ಮೊದಲ ಕಾರಣ ಅದೇ. ಮೊದಲು 1 ಇಂಚಿನ ಬಿಟ್‌ನಿಂದ ಕಾಲಿನ ಹೊರಮೈಯಲ್ಲಿ ಅರ್ಧ ಇಂಚು ಆಳದ ಗುಂಡಿ, ಆಮೇಲೆ ಅದರ ನಡುವೆ 10 ಎಂಎಂ ತೂತು. ಈ ಕ್ರಮ ತಪ್ಪಿದರೆ ದೊಡ್ಡ ಬಿಟ್‌ಗೆ ನೆಲೆ ಸಿಗುವುದಿಲ್ಲ. ಬೋಲ್ಟಿನ ತಲೆ ಗುಂಡಿಯಲ್ಲಿ ಅಡಗಬೇಕು. ಇಲ್ಲಿ ಅಂಟು ಬೇಡ, ಮನೆ ಬದಲಿಸುವಾಗ ಮೇಲ್ಹಲಗೆಯ ಸ್ಕ್ರೂ, ಈ ಹನ್ನೆರಡು ನಟ್ಟು ಬಿಚ್ಚಿದರೆ ಮೇಜು ಬಿಡಿಬಿಡಿಯಾಗುತ್ತದೆ.

ಮೇಲ್ಹಲಗೆ ಕೂರಿಸುವ ಕಾಲ

ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಕಟ್ಟಿಗೆ ಮಳೆಗಾಲದಲ್ಲಿ ತೇವ ಹೀರಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಉದ್ದಕ್ಕೆ ಏನೂ ಆಗುವುದಿಲ್ಲ ಎನ್ನಬಹುದು. 24 ಇಂಚು ಅಗಲದಲ್ಲಿ ಈ ಹಿಗ್ಗು-ಕುಗ್ಗು ಕಾಲು ಇಂಚಿನವರೆಗೂ ಹೋಗಬಹುದು. ಕಲಘಟಗಿ, ಹಾನಗಲ್ಲದ ಮಳೆ ಸೀಮೆಯಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಹಲಗೆಗಳನ್ನು ಒಂದಕ್ಕೊಂದು ಅಂಟಿಸಿ ಚೌಕಟ್ಟಿಗೆ ಬಿಗಿದುಬಿಟ್ಟರೆ ಏಪ್ರಿಲ್‌ನಲ್ಲಿ ಮೇಲ್ಮೈ ಬಿರುಕು ಬಿಡುತ್ತದೆ.

ಆದ್ದರಿಂದ ಮೂರೂ ಹಲಗೆಗಳನ್ನು ಬಿಡಿಯಾಗಿಯೇ ಕೂರಿಸಿ. ಬೇಸಿಗೆಯಲ್ಲಿ ಕಟ್ಟುತ್ತಿದ್ದರೆ ನಡುವೆ 3 ಎಂಎಂ ಸಂದಿ ಬಿಡಿ, ಜುಲೈ-ಆಗಸ್ಟ್‌ನಲ್ಲಾದರೆ ತಾಗಿಸಿಯೇ ಇಡಿ. ಬೇಸಿಗೆಯಲ್ಲಿ ತಾಗಿಸಿ ಕೂರಿಸಿದ ಹಲಗೆಗಳು ಮಳೆಗಾಲದಲ್ಲಿ ಒಂದನ್ನೊಂದು ನೂಕಿ ಉಬ್ಬುತ್ತವೆ. ಮುಂದಿನ ಹಲಗೆಯ ಅಂಚು ಕಾಲುಗಳ ಮುಖಕ್ಕೆ ಸಮ ಇರಲಿ, ಉದ್ದನೆಯ ಹಲಗೆ ನಿಲ್ಲಿಸಿ ಕ್ಲಾಂಪ್ ಮಾಡುವಾಗ ಕಾಲಿನ ಆಧಾರ ಸಿಗುತ್ತದೆ. ಹಿಂದೆ ಎರಡು ಇಂಚು ಚಾಚಲಿ.

ಮೇಲಿನ ಅಡ್ಡಪಟ್ಟಿಯ ಅಡಿಯಿಂದ 22 ಎಂಎಂ ಬಿಟ್‌ನಲ್ಲಿ ಎರಡೂವರೆ ಇಂಚು ಆಳ ಕೊರೆದು, ಉಳಿದ ಒಂದೂವರೆ ಇಂಚಿನ ಮೂಲಕ ಕೋಚ್ ಸ್ಕ್ರೂ ತಿರುಗಿಸಿ. ಪ್ರತಿ ಹಲಗೆಗೆ ಪ್ರತಿ ಪಟ್ಟಿಯಲ್ಲಿ ಎರಡು: ಮುಂದಿನ ಸ್ಕ್ರೂಗೆ ಪಟ್ಟಿಯಲ್ಲಿ 8 ಎಂಎಂ ತೂತು, ಹಿಂದಿನ ಸ್ಕ್ರೂಗೆ 11 ಎಂಎಂ. ಆ ಮೂರು ಎಂಎಂ ಸಡಿಲದಲ್ಲಿ ಹಲಗೆ ಆಡುತ್ತದೆ. ಹಲಗೆಯೊಳಗೆ 5.5 ಎಂಎಂ ತೂತು ಸಾಕು; ಒಂದೂವರೆ ಇಂಚು ದಾಟದಂತೆ ಬಿಟ್‌ಗೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ.

ಕೆಲಸದ ತುಂಡನ್ನು ದವಡೆಯಲ್ಲಿ ಕಚ್ಚಿ ಹಿಡಿಯುವ 7 ಇಂಚಿನ ಕಾರ್ಪೆಂಟರ್ ವೈಸ್ ಅನ್ನು ಬಲಗೈಯವರು ಮುಂದೆ ಎಡಗಾಲಿನ ಪಕ್ಕಕ್ಕೆ ಕಟ್ಟಲಿ, ಎಡಗೈಯವರು ಬಲಕ್ಕೆ. ಅದರ ಕಬ್ಬಿಣದ ದವಡೆ ಮೇಲ್ಮೈಗಿಂತ ಅರ್ಧ ಇಂಚು ಕೆಳಗಿರಬೇಕು, ಇಲ್ಲದಿದ್ದರೆ ರಂದಾ ಬಾಯಿ ಒಂದು ದಿನ ಅದಕ್ಕೆ ತಾಗಿಯೇ ತಾಗುತ್ತದೆ. ಕೆಳಗಿನ ಉದ್ದಪಟ್ಟಿಗಳ ಮೇಲೆ 14 × 48 ಇಂಚಿನ ಪ್ಲೈವುಡ್ ಹಾಸಿ ಹತಾರ ಇಟ್ಟರೆ ಬುಡ ಇನ್ನಷ್ಟು ಭಾರವಾಗುತ್ತದೆ. ಮಾವಿನದಾದರೆ ಬರೀ ಕಟ್ಟಿಗೆಯೇ 60 ಕೆಜಿ ಮೀರುತ್ತದೆ.

ನೆಲ, ಒರಲೆ, ಎಣ್ಣೆ

ಹಳೇ ಶಹಾಬಾದ್ ಫರಸಿಯ ನೆಲ ಅಪರೂಪಕ್ಕೆ ಸಮ ಇರುತ್ತದೆ. ಯಾವ ಕಾಲು ಎತ್ತಿದೆ ನೋಡಿ, ಗಟ್ಟಿ ಕಟ್ಟಿಗೆಯ ಚಕ್ಕೆ ಕೊಟ್ಟು ಸಮ ಮಾಡಿ. ಉಳಿದ ಕಾಲುಗಳನ್ನು ಕತ್ತರಿಸುತ್ತ ಹೋದರೆ ಮುಗಿಯುವುದಿಲ್ಲ. ನವಲಗುಂದ, ನರಗುಂದ, ರೋಣದ ಕಡೆ ಎರೆನೆಲ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ನೆಲದ ಮಟ್ಟವೇ ಬದಲಾಗುತ್ತದೆ. ಅಲ್ಲಿ ವರ್ಷಕ್ಕೆರಡು ಸಲ ಚಕ್ಕೆ ಸರಿಮಾಡಬೇಕು.

ಕಾಲಿನ ಬುಡಕ್ಕೆ ಎರಡು ಕೈ ಆಯಿಲ್ ಪೇಂಟ್ ಹಚ್ಚಿ, ಗ್ರಾನೈಟ್ ತುಂಡಿನ ಮೇಲೆ ನಿಲ್ಲಿಸಿ. ಗೋಡೆಯಿಂದ ಮೂರು ಇಂಚು ದೂರವಿರಲಿ. ಒರಲೆಯ ಮಣ್ಣಿನ ದಾರಿ ಎದ್ದರೆ ಕಣ್ಣಿಗೆ ಬೀಳುತ್ತದೆ.

ಮೇಲ್ಮೈಗೆ ವಾರ್ನಿಶ್ ಬೇಡ, ಕೆಲಸದ ತುಂಡು ಜಾರುತ್ತದೆ. ಅಗಸಿ ಎಣ್ಣೆಗೆ ಅಷ್ಟೇ ಟರ್ಪಂಟೈನ್ ಬೆರೆಸಿ ಒಂದು ಕೈ ಹಚ್ಚಿ, ಕಾಲು ಗಂಟೆ ಬಿಟ್ಟು ಒರೆಸಿ. ಚೆನ್ನಾಗಿ ಒಣಗಿದ ಮೇಲೆ ಬರೀ ಎಣ್ಣೆ. ಗಾಣದ ಹಸಿ ಎಣ್ಣೆ ಒಣಗಲು ಹಲವು ದಿನ ಬೇಕು. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಲೇಬೇಡಿ: ಅಗಸಿ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಸಿಕ್ಕಿದ ಕಾವಿಗೆ ಬಟ್ಟೆ ತಾನಾಗಿ ಹೊತ್ತಿಕೊಳ್ಳುತ್ತದೆ. ಹೊರಗೆ ಬಿಡಿಸಿ ಹರವಿ, ಒಣಗಿ ಗಡುಸಾದ ಮೇಲೆ ಬಿಸಾಡಿ.

ಮೊದಲ ಬೇಸಿಗೆಯಲ್ಲಿ ಕಟ್ಟಿಗೆ ಕುಗ್ಗಿ ನಟ್ಟುಗಳು ಸಡಿಲಾಗುತ್ತವೆ, ಮಾರ್ಚ್ ಹೊತ್ತಿಗೆ ಎಲ್ಲವನ್ನೂ ಅರ್ಧ ಸುತ್ತು ಬಿಗಿಯಿರಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದ ಮೇಲೆ ನೆಟ್ಟಗಿನ ಪಟ್ಟಿಯೊಂದನ್ನು ಮೇಲ್ಮೈಗೆ ಓರೆಯಾಗಿ ಇಟ್ಟು ಬೆಳಕಿಗೆ ಹಿಡಿದು ನೋಡಿ. ಬೆಳಕು ಹಾಯದ ಉಬ್ಬುಗಳಿಗೆ ಸೀಮೆಸುಣ್ಣ ಬಳಿದು, ಅಷ್ಟನ್ನು ಮಾತ್ರ ಉದ್ದ ರಂದಾದಿಂದ ತೆಗೆಯಿರಿ.