ಸಿಪ್ಪೆ ಎಸೆಯುವುದನ್ನು ಬಿಟ್ಟೆ

ಚಿಕ್ಕಬಳ್ಳಾಪುರದಲ್ಲಿ ನಾನು ಆಹಾರ ಸಲಹೆಗಾರ್ತಿ. ಬರುವವರು ಹೆಚ್ಚಾಗಿ ಶುಗರ್, ಮಂಡಿ ನೋವು, ಫ್ಯಾಟಿ ಲಿವರ್ ಇರುವವರು. ಈಚೆಗೆ ಎಲ್ಲರದೂ ಒಂದೇ ಪ್ರಶ್ನೆ: "ಅರಿಶಿನದ ಮಾತ್ರೆ ತಗೊಳ್ಳಲಾ ಮೇಡಂ?" ಅಷ್ಟರಲ್ಲಿ ನನ್ನದೇ ರಕ್ತ ಪರೀಕ್ಷೆಯಲ್ಲಿ ಮೈಯೊಳಗಿನ ಉರಿಯೂತ ತೋರಿಸುವ ಎಚ್‌ಎಸ್-ಸಿಆರ್‌ಪಿ 3ರ ಮೇಲೆ ಬಂತು. ಇನ್ನೊಬ್ಬರಿಗೆ ಹೇಳುವುದನ್ನು ಮೊದಲು ನಾನೇ ಮಾಡಿ ನೋಡೋಣ ಅನ್ನಿಸಿತು.

ಸಿಆರ್‌ಪಿ ಅನ್ನುವುದು ಲಿವರ್ ತಯಾರಿಸುವ ಒಂದು ಪ್ರೋಟೀನ್. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಒಳ್ಳೆಯದು, 3 ದಾಟಿದರೆ ಹೃದಯದ ದೃಷ್ಟಿಯಿಂದ ಗಮನ ಕೊಡಬೇಕು. 10 ದಾಟಿದರೆ ಸೋಂಕೋ ಜ್ವರವೋ ಇರಬಹುದು, ಕೆಲವು ವಾರ ಬಿಟ್ಟು ಮತ್ತೆ ನೋಡಬೇಕು. ನನಗೆ ಗಾಯ ಇರಲಿಲ್ಲ, ಜ್ವರ ಇರಲಿಲ್ಲ. ಇದ್ದದ್ದು ಹೊಟ್ಟೆಯ ಬೊಜ್ಜು. ಆ ಕೊಬ್ಬಿನಿಂದ ಐಎಲ್-6 ಅನ್ನುವ ರಾಸಾಯನಿಕ ರಕ್ತಕ್ಕೆ ಸೇರುತ್ತದೆ, ಅದನ್ನು ಕಂಡ ಲಿವರ್ ಸಿಆರ್‌ಪಿ ಮಾಡುತ್ತದೆ. ಸದ್ದಿಲ್ಲದೆ ವರ್ಷಗಟ್ಟಲೆ ನಡೆಯುವ ಉರಿಯೂತ ಅಂದರೆ ಇದೇ.

ಅರಿಶಿನದ ವಿಷಯ ಮೊದಲು ಮುಗಿಸುತ್ತೇನೆ. ಪುಡಿಯಲ್ಲಿ ಕರ್ಕ್ಯುಮಿನ್, ಅಂದರೆ ಉರಿಯೂತ ತಗ್ಗಿಸುತ್ತದೆ ಅಂತ ಹೇಳುವ ಹಳದಿ ಅಂಶ, ಇರುವುದು ಸುಮಾರು ಶೇ. 3 ಮಾತ್ರ. ಅದೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. 1998ರಲ್ಲಿ ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್, ಅಂದರೆ ಮೆಣಸಿನ ಸಾರ, ಕೊಟ್ಟು ನೋಡಿದರು. ರಕ್ತಕ್ಕೆ ಸೇರಿದ್ದು 20 ಪಟ್ಟಾಯಿತು. ಮಾತ್ರೆ ಮಾರುವವರೆಲ್ಲ ಹೇಳುವ ಲೆಕ್ಕ ಇದೇ. ಆದರೆ ಇಲ್ಲದಷ್ಟು ಕಡಿಮೆ ಇದ್ದದ್ದು 20 ಪಟ್ಟಾದರೂ ಎಷ್ಟಾದೀತು? ಜೊತೆಗೆ ಮೆಣಸಿನ ಸಾರ ಲಿವರ್‌ನ ಕೆಲವು ಕಿಣ್ವಗಳನ್ನು ತಡೆಯುತ್ತದೆ, ಬೇರೆ ಔಷಧಿಗಳನ್ನು ಕರಗಿಸುವುದೂ ಅವೇ; ಹಾಗಾಗಿ ಆ ಔಷಧಿಗಳು ರಕ್ತದಲ್ಲಿ ಹೆಚ್ಚಾಗಿ ಉಳಿಯಬಹುದು. ಅರಿಶಿನದ ಮಾತ್ರೆಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ವರದಿಗಳೂ ಇವೆ. ಹಾಗಾಗಿ ಒಗ್ಗರಣೆಗೆ ಅರಿಶಿನ ಹಾಕುತ್ತೇನೆ, ಮಾತ್ರೆ ಮುಟ್ಟಲಿಲ್ಲ.

ನಾನು ಮಾಡಿದ್ದು ಬೇರೆ. ಗಿಡ ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಳ್ಳುವ ರಾಸಾಯನಿಕಗಳಿಗೆ ಪಾಲಿಫಿನಾಲ್ ಅನ್ನುತ್ತಾರೆ, ಕರ್ಕ್ಯುಮಿನ್ ಕೂಡ ಅದರಲ್ಲೊಂದು. ಗಿಡ ಅವನ್ನು ಜಾಸ್ತಿ ಇಡುವುದು ಹೊರ ಅಂಚಿನಲ್ಲಿ, ಬಿಸಿಲು, ಹುಳು, ಬೂಸ್ಟು ತಡೆಯುವುದಕ್ಕೆ. ನಾವು ಅಡುಗೆಮನೆಯಲ್ಲಿ ಎಸೆಯುವುದೂ ಆ ಅಂಚನ್ನೇ!

ರಾಗಿ ನೋಡಿ. ಅದರ ಫೆರುಲಿಕ್ ಆಮ್ಲ, ಟ್ಯಾನಿನ್ ಅನ್ನುವ ಪಾಲಿಫಿನಾಲ್‌ಗಳು ಹೆಚ್ಚಾಗಿ ಮೇಲಿನ ಕೆಂಪು ಪದರದಲ್ಲಿವೆ. ಹಿಟ್ಟು ಮಾಡಿಸಿ, ನುಣ್ಣಗಿನ ಜರಡಿ ಹಿಡಿದು, ತೌಡು ದನಕ್ಕೆ ಹಾಕುತ್ತಿದ್ದೆವು. ಈಗ ಜರಡಿ ಹಿಡಿಯುವುದಿಲ್ಲ. ಮುದ್ದೆ ಸ್ವಲ್ಪ ತರಿತರಿಯಾಗುತ್ತದೆ. ಅತ್ತೆಯವರು ಇವತ್ತಿಗೂ ಗೊಣಗುತ್ತಾರೆ, ಅವರಿಗೆ ಬೇರೆ ಹಿಟ್ಟು ಇಟ್ಟಿದ್ದೇನೆ. ಕಡಲೆಕಾಯಿ ಬೀಜದ ಕೆಂಪು ಸಿಪ್ಪೆ ಉಜ್ಜಿ ಊದುವುದು ನಿಂತಿದೆ. ಈರುಳ್ಳಿಯಲ್ಲಿ ಕ್ವೆರ್ಸಿಟಿನ್ ಅನ್ನುವ ಪಾಲಿಫಿನಾಲ್ ಹೊರಗಿನ ಎಸಳುಗಳಲ್ಲಿ ಜಾಸ್ತಿ, ಒಣಗಿದ ಸಿಪ್ಪೆ ಮಾತ್ರ ತೆಗೆಯುತ್ತೇನೆ. ಟೊಮೆಟೊ ಸಿಪ್ಪೆ ಸಮೇತ ಎಣ್ಣೆಯಲ್ಲಿ ಬಾಡಿಸುತ್ತೇನೆ, ಅದರ ಲೈಕೋಪಿನ್ ಅನ್ನುವ ಕೆಂಪು ಬಣ್ಣದ ಅಂಶ ಹಸಿಯಾಗಿ ತಿಂದಾಗ ಅಷ್ಟಾಗಿ ಮೈಗೆ ಹತ್ತುವುದಿಲ್ಲ.

ದ್ರಾಕ್ಷಿ ಮಾತ್ರ ಕಷ್ಟದ ವಿಷಯ. ನಮ್ಮ ಕಡೆಯ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಜನ ಚೀಪಿ ಸಿಪ್ಪೆ ಉಗಿಯುತ್ತಾರೆ. ಕಪ್ಪು ಬಣ್ಣದ ಆಂಥೋಸಯನಿನ್ ಇರುವುದು ಆ ಸಿಪ್ಪೆಯಲ್ಲೇ. ಆದರೆ ದ್ರಾಕ್ಷಿಗೆ ಎಷ್ಟು ಔಷಧಿ ಹೊಡೆಯುತ್ತಾರೆ ಅಂತ ಇಲ್ಲಿ ಯಾರಿಗೆ ಗೊತ್ತಿಲ್ಲ ಹೇಳಿ? ಗೊತ್ತಿರುವ ತೋಟದಿಂದ, ಕೊನೆಯ ಸಿಂಪಡಣೆ ಯಾವಾಗ ಅಂತ ಕೇಳಿಯೇ ತರುತ್ತೇನೆ. ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಒಂದಷ್ಟು ಹೊತ್ತು ನೆನೆಸಿ ತೊಳೆಯುತ್ತೇನೆ. ಮೇಲಿನದು ಬಹುಪಾಲು ಹೋಗುತ್ತದೆ, ಒಳಗೆ ಇಳಿದದ್ದು ಹೋಗುವುದಿಲ್ಲ. ಪೇಟೆಯ ದ್ರಾಕ್ಷಿಯಾದರೆ ನಾನೂ ಸಿಪ್ಪೆ ಉಗಿಯುತ್ತೇನೆ.

ಇನ್ನು ಬಸ್ಸಾರು. ಸೊಪ್ಪು ಬೇಯಿಸಿದಾಗ ಅದರ ಪಾಲಿಫಿನಾಲ್‌ಗಳಲ್ಲಿ ಒಂದು ಪಾಲು ನೀರಿಗೆ ಇಳಿಯುತ್ತದೆ. ಬೇರೆ ಅಡುಗೆಗಳಲ್ಲಿ ಆ ನೀರು ಚರಂಡಿಗೆ. ನಮ್ಮಲ್ಲಿ ಅದೇ ಸಾರು! ವಾರದಲ್ಲಿ ಆಗಾಗ ಬೆರಕೆ ಸೊಪ್ಪು ತರುತ್ತೇನೆ. ದಂಟು, ಗಣಿಕೆ, ಅಣ್ಣೆ, ಹೊನಗೊನೆ, ಸಿಕ್ಕರೆ ನುಗ್ಗೆ. ಅದಕ್ಕೆ ಹುರುಳಿಕಾಳು. ಬಸಿದ ನೀರಿಗೆ ಬೆಳ್ಳುಳ್ಳಿ, ಮೆಣಸು, ಈರುಳ್ಳಿ ಹುರಿದು ರುಬ್ಬಿದ ಖಾರ.

ಇವೆಲ್ಲ ನೇರವಾಗಿ ರಕ್ತಕ್ಕೆ ಸೇರುತ್ತವೆ ಅಂದುಕೊಳ್ಳಬೇಡಿ. ಹೆಚ್ಚಿನ ಪಾಲಿಫಿನಾಲ್ ದೊಡ್ಡ ಕರುಳಿನವರೆಗೆ ಹಾಗೇ ಹೋಗುತ್ತವೆ. ಅಲ್ಲಿನ ಬ್ಯಾಕ್ಟೀರಿಯಾ ಅವನ್ನು ಸಣ್ಣ ಚೂರು ಮಾಡುತ್ತವೆ, ನಾರನ್ನು ಬ್ಯುಟಿರೇಟ್ ಅನ್ನುವ ಕೊಬ್ಬಿನಾಮ್ಲವಾಗಿ ಬದಲಿಸುತ್ತವೆ. ಕರುಳಿನ ಒಳಪದರಕ್ಕೆ ಅದೇ ಆಹಾರ. ಆ ಪದರ ಗಟ್ಟಿಯಿದ್ದರೆ ಉರಿಯೂತ ಎಬ್ಬಿಸುವ ವಸ್ತುಗಳು ರಕ್ತಕ್ಕೆ ನುಸುಳುವುದು ಕಡಿಮೆ. ಹಾಗಾಗಿ ನಾರು ಬಿಟ್ಟು ಸಾರವನ್ನು ಮಾತ್ರ ಕ್ಯಾಪ್ಸೂಲ್‌ನಲ್ಲಿ ನುಂಗುವುದು ನನಗೆ ಅರ್ಧ ಕೆಲಸ ಅನ್ನಿಸುತ್ತದೆ.

ಮುಂದಿನ ಪರೀಕ್ಷೆಯಲ್ಲಿ ನನ್ನ ಸಿಆರ್‌ಪಿ ಇಳಿದಿತ್ತು. ಅದು ರಾಗಿ ತೌಡಿನಿಂದಲೇ ಅಂತ ಹೇಳಲಾರೆ. ಅಷ್ಟರಲ್ಲಿ ಬೇಕರಿ ತಿಂಡಿ ಬಿಟ್ಟಿದ್ದೆ, ಬೆಳಿಗ್ಗೆ ನಡೆಯುತ್ತಿದ್ದೆ, ಸೊಂಟದ ಸುತ್ತಳತೆಯೂ ಇಳಿದಿತ್ತು. ಬೊಜ್ಜು ಕರಗಿದರೆ ಸಿಆರ್‌ಪಿ ತಾನಾಗಿಯೇ ಇಳಿಯುತ್ತದೆ, ಅಲ್ವಾ?

ಎಲ್ಲರಿಗೂ ಇದನ್ನೇ ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಔಷಧಿ ತೆಗೆದುಕೊಳ್ಳುವವರು ಸೊಪ್ಪನ್ನು ಏಕಾಏಕಿ ಹೆಚ್ಚಿಸಬಾರದು, ಅದರಲ್ಲಿನ ವಿಟಮಿನ್ ಕೆ ಔಷಧಿಯ ಕೆಲಸ ಕೆಡಿಸುತ್ತದೆ. ಕಿಡ್ನಿಯಲ್ಲಿ ಆಕ್ಸಲೇಟ್ ಕಲ್ಲು ಆಗುವವರು ದಂಟು ಬೇಯಿಸಿದ ನೀರನ್ನು ಚೆಲ್ಲಲೇಬೇಕು. ಬೆಳಿಗ್ಗೆ ಬೆರಳುಗಳು ಒಂದು ಗಂಟೆಗೂ ಮೀರಿ ಬಿಗಿದುಕೊಂಡು ಊದಿದ್ದರೆ ಸುಮ್ನೆ ಸೊಪ್ಪು ತಿನ್ನುತ್ತ ಕೂರಬೇಡಿ, ಕೀಲುವಾತದ ಡಾಕ್ಟರ ಹತ್ತಿರ ಹೋಗಿ. ಬಾಗೇಪಲ್ಲಿ ಕಡೆಯಿಂದ ಬೆನ್ನು, ಮಂಡಿ ನೋವು ಅಂತ ಬಂದವರನ್ನು ನಾನು ಮೊದಲು ಕೇಳುವುದು ಊಟದ ಬಗ್ಗೆ ಅಲ್ಲ, ಬೋರ್‌ವೆಲ್ ಬಗ್ಗೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ಫ್ಲೋರೈಡ್ ನೀರನ್ನು ವರ್ಷಾನುಗಟ್ಟಲೆ ಕುಡಿದಿದ್ದರೆ ಆ ನೋವಿಗೆ ಕಾರಣ ಬೇರೆಯೇ ಇರಬಹುದು. ಅವರಿಗೆ ಆಹಾರದ ಪಟ್ಟಿ ಆಮೇಲೆ, ಮೊದಲು ನೀರಿನ ಪರೀಕ್ಷೆ.