ನಾಲ್ಕರಲ್ಲಿ ಒಂದು ಪ್ಯಾಕೆಟ್ ವಾಪಸ್ ಬಂದ್ರೆ

ಹಾಸನದಲ್ಲಿ ದೋಸೆ ಹಿಟ್ಟು ರುಬ್ಬಿ ಮಾರೋಕೆ ಶುರು ಮಾಡಿ ಐದು ವರ್ಷ ಆಯ್ತು ಕಣ್ರಿ. ಹುಡುಗ್ರು ಆಗಾಗ ಸಿಕ್ಕಿ ಕೇಳ್ತಿರ್ತಾರೆ, ಅಣ್ಣ ನಾವೂ ಏನಾದ್ರೂ ಸ್ವಂತದ್ದು ಮಾಡ್ಬೇಕು ಅಂತಿದೀವಿ, ನೀವು ಹೆಂಗ್ ತಡ್ಕೊಂಡ್ರಿ ಅಂತ. ಮೋಟಿವೇಷನ್ ಗೀಟಿವೇಷನ್ ನನ್ ಹತ್ರ ಇಲ್ಲ. ಒಂದು ಲಾಂಗ್ ನೋಟ್‌ಬುಕ್ ಇದೆ, ಮೂಲೆ ಎಲ್ಲಾ ಹಿಟ್ಟು ಮೆತ್ಕೊಂಡು ಗಟ್ಟಿ ಆಗೋಗಿದೆ, ಅದ್ರಲ್ಲಿರೋದನ್ನ ಹೇಳ್ತೀನಿ.

ನಾನು ಓದಿದ್ದು ಡಿಪ್ಲೊಮಾ ಮೆಕ್ಯಾನಿಕಲ್. ಪೀಣ್ಯದಲ್ಲಿ ಕಬ್ಬಿಣ ಕೊರೆಯೋ ಸಿಎನ್‌ಸಿ ಮಷಿನ್ ಮೇಲೆ ಮೂರೂವರೆ ವರ್ಷ ಇದ್ದೆ. 2020ರಲ್ಲಿ ಲಾಕ್‌ಡೌನ್ ಆಯ್ತಲ್ಲ, ಬ್ಯಾಗ್ ಎತ್ಕೊಂಡು ಊರಿಗೆ ಬಂದೋನು ವಾಪಸ್ ಹೋಗ್ಲಿಲ್ಲ. ಅವ್ವ ಮುಂಚಿಂದಾನೂ ಬೀದಿಲಿ ನಾಕೈದು ಮನೆಗೆ ಹಿಟ್ಟು ರುಬ್ಬಿ ಕೊಡ್ತಿದ್ಲು, ಅದನ್ನೇ ಕವರ್‌ಗೆ ಹಾಕಿ ಅಂಗಡಿಗೆ ಕೊಟ್ರೆ ಹೆಂಗೆ ಅಂತ ನಾನೂ ನನ್ ದೋಸ್ತೂ ಮಾತಾಡ್ಕೊಂಡ್ವಿ, ಅವ್ನು ಅರವತ್ತು ಸಾವಿರ ಹಾಕ್ದ, ನಾನು ಪಿಎಫ್ ತೆಗ್ದೆ, ಆಹಾರ ಇಲಾಖೆ ರಿಜಿಸ್ಟ್ರೇಷನ್ ವರ್ಷಕ್ಕೆ ನೂರು ರೂಪಾಯಿ ಅಷ್ಟೇ, ಹನ್ನೆರಡು ಲಕ್ಷದೊಳಗೆ ವ್ಯಾಪಾರ ಇದ್ರೆ ಆಗ ಅಷ್ಟೇ ಸಾಕಿತ್ತು. ಕವರ್ ಮಾತ್ರ ಬುದ್ಧಿ ಇಲ್ದೆ ಐದು ಸಾವಿರ ಪ್ರಿಂಟ್ ಹಾಕಿಸ್ಬಿಟ್ವಿ, ಎಂಆರ್‌ಪಿ ಹಾಕೋಕೂ ತಯಾರಿಸಿದ ದಿನಾಂಕ ಹಾಕೋಕೂ ಜಾಗಾನೇ ಇಲ್ಲ. ಅವೆರಡೂ ಇಲ್ದೆ ಮಾರಂಗಿಲ್ಲ. ಆ ಕವರ್‌ನಲ್ಲಿ ಅವ್ವ ಇವತ್ತಿಗೂ ಒಣಮೆಣಸಿನಕಾಯಿ ಕಟ್ಟಿಡ್ತಾಳೆ.

ಮನೇಲಿ ಎಲ್ರೂ ಒಂದೇ ಉದಾಹರಣೆ ಕೊಡೋರು. ನಮ್ ಮಾವ ಅಂತೂ ಬಂದಾಗೆಲ್ಲ, ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ನೋಡ್ಲಾ, ನಮ್ ಜಿಲ್ಲೆಯವ್ರೇ, ಏರೋಪ್ಲೇನೇ ಬಿಟ್ರು ಅಂತ. ನಂಗೂ ಆಗ ಏರೋಪ್ಲೇನೇ ಕಣ್ಮುಂದೆ. ಆಮೇಲೆ ಅವ್ರ ಬಗ್ಗೆ ಕೂತು ಓದ್ದಾಗ ಬೇರೆ ಲೆಕ್ಕಾನೇ ಸಿಕ್ತು. ಅವ್ರ ವಿಮಾನ ಕಂಪ್ನಿ ಏರ್ ಡೆಕ್ಕನ್ ಹಾರಿದ್ದು 2003ರಲ್ಲಿ. ಅದಕ್ಕೆ ಇಪ್ಪತ್ತು ವರ್ಷಕ್ಕೂ ಹಿಂದೆ ಮಿಲಿಟ್ರಿ ಬಿಟ್ಟು ಬಂದೋರು, ಹೇಮಾವತಿ ಡ್ಯಾಮ್‌ನಲ್ಲಿ ಮನೆತನದ ಜಮೀನು ಮುಳುಗಿ ಪರಿಹಾರಕ್ಕೆ ಸಿಕ್ಕ ಜಾವಗಲ್ ಕಡೆ ಬರಡು ಭೂಮೀಲಿ ಟೆಂಟ್ ಹಾಕ್ಕೊಂಡು ಕೂತ್ರು, ರೇಷ್ಮೆ ಹುಳ ಸಾಕಿದ್ರು, ಹಾಸನದಲ್ಲಿ ಹೋಟ್ಲು ನಡೆಸಿದ್ರು, ಬೈಕ್ ಏಜೆನ್ಸಿ ಮಾಡಿದ್ರು. ಮಾವ ಹುಳದ ಸುದ್ದಿ ಯಾವತ್ತೂ ಎತ್ಲಿಲ್ಲ. ನಮ್ ಜನಕ್ಕೆ ಏರೋಪ್ಲೇನೇ ಬೇಕು.

ಸರಿ, ನಮ್ ಹುಳದ ಕಥೆಗೆ ಬರ್ತೀನಿ.

ಮೊದಲ ನಾಕು ತಿಂಗ್ಳು ಚೆನ್ನಾಗೇ ಹೋಯ್ತು. ಶುರು ಮಾಡಿದ್ದು ಚಳಿಗಾಲದಲ್ಲಿ, ಫ್ರಿಜ್ ಇಲ್ದಿದ್ರೂ ಹಿಟ್ಟು ಸುಮ್ನೆ ಕೂತಿರೋದು. ಸಾಲಗಾಮೆ ರೋಡು, ವಿದ್ಯಾನಗರ, ಕುವೆಂಪು ನಗರ ಎಲ್ಲಾ ಸೇರಿ ಹನ್ನೊಂದು ಅಂಗ್ಡಿ, ದಿನಕ್ಕೆ ಎಪ್ಪತ್ತು ಪ್ಯಾಕೆಟ್. ಏಪ್ರಿಲ್ ಬಂತು. ಒಂದಿನ ಮಧ್ಯಾಹ್ನ ಎರಡು ಗಂಟೆಗೆ ಸಾಲಗಾಮೆ ರೋಡಿನ ಅಂಗಡಿ ಅಣ್ಣ ಫೋನ್ ಮಾಡಿ, ಈಗ್ಲೇ ಬಾ ಅಂದ್ರು. ಹೋಗಿ ಫ್ರಿಜ್ ಬಾಗ್ಲು ತೆಗ್ದೆ. ಹಿಟ್ಟಿನ ಪ್ಯಾಕೆಟ್ ಎಲ್ಲಾ ದಿಂಬಿನ ತರ ಉಬ್ಕೊಂಡಿವೆ, ಎರಡು ಹೊಡ್ದೋಗಿ ಕೆಳಗಿನ ಹಾಲಿನ ಪ್ಯಾಕೆಟ್ ಮೇಲೆ, ಐಸ್‌ಕ್ರೀಮ್ ಕಪ್ಪಿನ ಮೇಲೆ, ಬಾಗ್ಲಿನ ರಬ್ಬರ್ ಒಳಗೆ ಎಲ್ಲಾ ಇಳಿದೋಗಿದೆ. ಆ ರಬ್ಬರ್ ಸಂದೀಲಿ ಹೋದ ಹಿಟ್ಟು ತೆಗ್ಯೋಕೆ ಹಲ್ಲುಜ್ಜೋ ಬ್ರಷ್ಷೇ ಬೇಕು. ಒಂದೂಕಾಲು ಗಂಟೆ ಉಜ್ಜಿದೀನಿ. ಅಣ್ಣ ಬೈಲೂ ಇಲ್ಲ, ಗಿರಾಕಿಗಳ ಮುಂದೆ ಸುಮ್ನೆ ನಿಂತಿದ್ರು, ಬೈದಿದ್ರೇ ಚೆನ್ನಾಗಿರೋದು.

ಆ ವಾರ ದಿನಕ್ಕೆ ಹದಿನೆಂಟು ಇಪ್ಪತ್ತು ಪ್ಯಾಕೆಟ್ ವಾಪಸ್. ಚೆಲ್ಲೋಕೆ ಮನಸ್ಸು ಬರ್ದೆ ಪಕ್ಕದ್ಮನೆ ಹಸುಗೆ ಬಕೆಟ್‌ನಲ್ಲಿ ತಗೊಂಡೋದ್ರೆ ಆ ಅಜ್ಜಿ, ಅಯ್ಯೋ ಬ್ಯಾಡ ಕಣಪ್ಪ, ಇಷ್ಟೊಂದು ಹಾಕಿದ್ರೆ ಹೊಟ್ಟೆ ಉಬ್ಬರ ಬಂದು ಹಸು ಮಲಿಕಂಡ್ಬಿಡ್ತದೆ ಅಂದ್ರು. ಹಾಸನಾಂಬೆ ಗರ್ಭಗುಡೀಲಿ ಬಾಗ್ಲು ಹಾಕೋವಾಗ ಇಟ್ಟ ನೈವೇದ್ಯ ಮುಂದಿನ ವರ್ಷ ಬಾಗ್ಲು ತೆಗ್ಯೋವರ್ಗೂ ಹಳಸಲ್ಲ ಅಂತ ನಮ್ಮೂರೆಲ್ಲಾ ನಂಬ್ತದೆ, ನಮ್ ಹಿಟ್ಟಿಗೆ ಮಾತ್ರ ಮಧ್ಯಾಹ್ನದವರೆಗೂ ಗ್ಯಾರಂಟಿ ಇಲ್ಲ.

ಅವತ್ತು ರಾತ್ರಿ ಮೊದಲ್ನೇ ಸಲ ಸರಿಯಾಗಿ ಲೆಕ್ಕ ಹಾಕ್ದೆ. ಎಂಆರ್‌ಪಿ 45, ಅಂಗ್ಡಿಗೆ ಕೊಡೋದು 38, ಅಕ್ಕಿ ಉದ್ದು ಕವರ್ ಕರೆಂಟು ಪೆಟ್ರೋಲು ಎಲ್ಲಾ ಸೇರಿ ನಂಗೆ ಬೀಳೋದು 29. ಪ್ಯಾಕೆಟ್‌ಗೆ 9 ರೂಪಾಯಿ ಲಾಭ. ಒಂದು ವಾಪಸ್ ಬಂದ್ರೆ ಅಂಗಡಿಯವ್ರು ದುಡ್ಡು ಕೊಡಲ್ಲ, 29 ಪೂರ್ತಿ ನಂದೇ. ಅಂದ್ರೆ ನಾಕು ಪ್ಯಾಕೆಟ್ ಕೊಟ್ಟು ಮೂರು ಮಾರಿ ಒಂದು ವಾಪಸ್ ಬಂತು ಅಂದ್ರೆ ಬಂದಿದ್ದು 27, ಹೋಗಿದ್ದು 29. ಬೆಳಗಿನ ಜಾವ ಮೂರೂವರೆಗೆ ಎದ್ದು, ಕೈಯಿಂದ ಎರಡು ರೂಪಾಯಿ ಹಾಕಿ ಊರೋರಿಗೆ ಹಿಟ್ಟು ರುಬ್ಬಿ ಕೊಡ್ತಿದ್ದೆ. ವ್ಯಾಪಾರ ಜಾಸ್ತಿ ಆದಷ್ಟೂ ಲಾಸ್ ಜಾಸ್ತಿ. ಅಲ್ಲಿವರೆಗೂ ನಾನು ನೋಡ್ತಿದ್ದಿದ್ದು ಎಷ್ಟು ಪ್ಯಾಕೆಟ್ ಹೊರಗೆ ಹೋಯ್ತು ಅನ್ನೋದು ಮಾತ್ರ, ಎಪ್ಪತ್ತು ಹೋಯ್ತು ನೂರು ಮಾಡೋಣ ಅಂತ. ಆ ಟೈಮಲ್ಲಿ ಮೊಬೈಲ್‌ನಲ್ಲಿ 'ಬಿಡಬೇಡಿ, ಗೆಲುವು ಇನ್ನೊಂದೇ ಹೆಜ್ಜೆ' ಅನ್ನೋ ವಿಡಿಯೋ ಬೇರೆ ನೋಡ್ತಿದ್ದೆ, ನನ್ ಪ್ರಕಾರ ಅವು ನಂಗೆ ಒಂದು ತಿಂಗ್ಳ ದುಡ್ಡು ಕಳೆಸಿದ್ವು, ನಿಂತು ನೋಡ್ಬೇಕಾದ ಟೈಮಲ್ಲಿ ಓಡ್ಸಿದ್ವು.

ನೋಟ್‌ಬುಕ್ ಶುರು ಆಗಿದ್ದು ಮಾರನೇ ದಿನದಿಂದ. ಫ್ಯಾಕ್ಟ್ರೀಲಿ ಪ್ರತಿ ಬ್ಯಾಚ್‌ಗೂ ಮೊದಲ್ನೇ ಪೀಸ್ ಅಳತೆ ಬರೆದಿಡೋದು ರೂಲ್ಸು, ಅದನ್ನೇ ಹಿಟ್ಟಿಗೆ ಮಾಡ್ದೆ: ರೂಮು ಎಷ್ಟು ಡಿಗ್ರಿ, ನೀರು ಎಷ್ಟು ಡಿಗ್ರಿ, ಉದ್ದು ನೆನೆಸಿದ್ದು ಎಷ್ಟೊತ್ತು, ರುಬ್ಬಿದ್ದು ಎಷ್ಟು ನಿಮಿಷ, ರುಬ್ಬಿ ಮುಗಿದಾಗ ಹಿಟ್ಟು ಎಷ್ಟು ಬಿಸಿ, ಸಂಜೆಗೆ ಎಷ್ಟು ವಾಪಸ್. ಇನ್ನೂರೈವತ್ತು ರೂಪಾಯಿ ಥರ್ಮಾಮೀಟರ್. ಎರಡು ವಾರ ಬರೆದ್ಮೇಲೆ ಕಣ್ಣಿಗೆ ಹೊಡ್ದಂಗೆ ಕಾಣಿಸ್ತು, ಹಿಟ್ಟು ಗ್ರೈಂಡರ್‌ನಿಂದ 33, 34 ಡಿಗ್ರೀಲಿ ಹೊರಗೆ ಬಂದ ದಿನಾನೇ ವಾಪಸ್ ಜಾಸ್ತಿ. ಕಲ್ಲು ತಿರುಗ್ತಾ ತಿರುಗ್ತಾ ಕಾಯ್ತದೆ, ಮೇಲಿಂದ ಓವರ್‌ಹೆಡ್ ಟ್ಯಾಂಕಿನ ಕಾದ ನೀರು ಬೇರೆ. ಹಿಟ್ಟು ಉಬ್ಬಿಸೋ ಬ್ಯಾಕ್ಟೀರಿಯಾಗೆ ಮೂವತ್ತರ ಆಸುಪಾಸು ಅಂದ್ರೆ ಹಬ್ಬ, ಹಿಟ್ಟು ಕವರ್‌ಗೆ ಬೀಳೋ ಹೊತ್ತಿಗೇ ಗ್ಯಾಸ್ ಬಿಡೋಕೆ ಶುರು ಮಾಡಿರ್ತವೆ. ಮೂರೂವರೆ ವರ್ಷ ಕಬ್ಬಿಣ ಕಾಯ್ದಿರ್ಲಿ ಅಂತ ತಂಪು ಮಾಡೋ ಕೂಲೆಂಟ್ ಬಿಟ್ಟೋನು ನಾನು, ಉದ್ದಿಗೂ ಕೂಲೆಂಟ್ ಬೇಕು ಅಂತ ಹೊಳೀಲಿಲ್ಲ ನೋಡಿ.

ಅವ್ವನಿಗೆ ಹೇಳ್ದೆ, ನಾಳೆಯಿಂದ ಐಸ್ ನೀರು ಹಾಕ್ತೀನಿ ಅಂತ. ಅವ್ಳು, ಉದ್ದು ಕೆಡ್ತದೆ, ಯಾರಾದ್ರೂ ಐಸ್ ಹಾಕಿ ರುಬ್ತಾರೇನ್ಲಾ ಅಂದ್ಲು. ಹಾಕ್ದೆ. ಅವ್ಳ ಟೆಸ್ಟ್ ಒಂದೇ, ಲೋಟದಲ್ಲಿ ನೀರಿಟ್ಕೊಂಡು ಒಂದು ತೊಟ್ಟು ಉದ್ದಿನ ಹಿಟ್ಟು ಬಿಡೋದು, ತೇಲಿದ್ರೆ ಆಯ್ತು, ಮುಳುಗಿದ್ರೆ ಇನ್ನೂ ರುಬ್ಬು. ತೊಟ್ಟು ಬೆಣ್ಣೆ ತರ ತೇಲ್ತು. ಅವ್ವ ಏನೂ ಮಾತಾಡ್ಲಿಲ್ಲ, ಮಾರನೇ ಬೆಳಗ್ಗೆ ಫ್ರೀಜರ್‌ಗೆ ಬಾಟ್ಲಿ ತುಂಬಿಟ್ಟಿದ್ದು ಅವ್ಳೇ. ಹಿಟ್ಟು 24, 25ಕ್ಕೆ ಇಳೀತು. ಉಪ್ಪು ಕೊನೇಲಿ, ಪ್ಯಾಕ್ ಆದ ಕೂಡ್ಲೇ ಕೂಲರ್‌ಗೆ, ಕವರ್‌ಗೆ ಸೂಜೀಲಿ ಎರಡು ತೂತು. ಮೇ ತಿಂಗ್ಳಲ್ಲಿ ವಾಪಸ್ ದಿನಕ್ಕೆ ಐದು, ಆರು.

ಡಿಸೆಂಬರ್‌ಗೆ ಪೂರ್ತಿ ಉಲ್ಟಾ. ರಾತ್ರಿ 14 ಡಿಗ್ರಿ, ಹಿಟ್ಟು ಕಲ್ಲು ತರ ಕೂತಿದೆ, ಗಿರಾಕಿ ಫೋನ್ ಮಾಡಿ, ಉಬ್ಬೇ ಇಲ್ಲ ಕಣ್ರಿ, ದೋಸೆ ಕಾವಲಿ ಬಿಡ್ತಿಲ್ಲ ಅಂತಾರೆ. ಥರ್ಮಾಕೋಲ್ ಡಬ್ಬಕ್ಕೆ ಬಲ್ಬ್ ಹಾಕಿ ಒಂದಿಷ್ಟು ಹೊತ್ತು ಬೆಚ್ಚಗಿಟ್ಟು ಆಮೇಲೆ ಪ್ಯಾಕ್ ಮಾಡೋದು ಅಂತ ಸರಿ ಮಾಡ್ಕೊಂಡೆ. ಆಗ ನೋಟ್‌ಬುಕ್ ಇತ್ತಲ್ಲ, ಏಪ್ರಿಲ್‌ನಲ್ಲಿ ಒಂದೂವರೆ ತಿಂಗ್ಳು ಒದ್ದಾಡಿದ್ದು ಡಿಸೆಂಬರ್‌ನಲ್ಲಿ ಒಂಬತ್ತು ದಿನಕ್ಕೆ ಮುಗೀತು. ನನ್ನಲ್ಲಿ ಏನಾದ್ರೂ ಬದಲಾವಣೆ ಆಗಿದೆ ಅಂತ ಯಾರಾದ್ರೂ ಕೇಳಿದ್ರೆ ಈ ಎರಡು ನಂಬರ್ ತೋರಿಸ್ತೀನಿ.

ಲೋನ್ ವಿಷ್ಯ ಜಾಸ್ತಿ ಎಳೆಯಲ್ಲ. ಮುದ್ರಾದಲ್ಲಿ ಐವತ್ತು ಸಾವಿರದವರೆಗೆ ಶಿಶು, ಅದ್ರ ಮೇಲೆ ಐದು ಲಕ್ಷದವರೆಗೆ ಕಿಶೋರ್. ಎರಡು ಲಕ್ಷ ಕೇಳ್ದೆ, ಮೊದಲ್ನೇ ಬ್ಯಾಂಕ್‌ನಲ್ಲಿ ಆಗಲ್ಲ ಅಂದ್ರು, ಎರಡನೇ ಕಡೆ ನೋಟ್‌ಬುಕ್ಕೇ ತಗೊಂಡೋಗಿ ಟೇಬಲ್ ಮೇಲೆ ಇಟ್ಟೆ, ಮೇಡಂ ಹತ್ತು ನಿಮಿಷ ತಿರುವಿ ಹಾಕಿ, ಹಿಟ್ಟಿನ ವಾಸನೆ ಬರ್ತಿದೆಯಲ್ರೀ ಅಂತ ನಕ್ರು, ಆಯ್ತು. ಟಿಲ್ಟಿಂಗ್ ಗ್ರೈಂಡರ್ ಬಂತು. ನೀವೇನಾದ್ರೂ ಈಗ ಇಂಥ ತಿಂಡಿ ತಿನಿಸಿನ ಕೆಲ್ಸ ಶುರು ಮಾಡೋದಾದ್ರೆ ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ಉದ್ಯಮಕ್ಕೆ ಸರ್ಕಾರದ ಸ್ಕೀಮು, ಅದು ಈಗ್ಲೂ ಇದೆಯಾ ಅಂತ ಮೊದ್ಲು ವಿಚಾರಿಸಿ, ಆಗ 35 ಪರ್ಸೆಂಟ್ ಸಬ್ಸಿಡಿ ಇತ್ತು, ನಂಗೆ ಗೊತ್ತಾಗಿದ್ದು ಗ್ರೈಂಡರ್ ತಗೊಂಡ್ಮೇಲೆ.

ಆಮೇಲೆ ತಲೆ ತಿರುಗಿದ್ದೂ ಇದೆ. ಹಾಸನಾಂಬೆ ದರ್ಶನದ ಟೈಮಲ್ಲಿ ಊರಿಗೆ ಜನ ಅಂದ್ರೆ ಜನ, ಹೋಟೆಲ್‌ನೋರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ಹಿಟ್ಟು ಕೇಳೋರು, ಅಷ್ಟು ದಿನದಲ್ಲಿ ನಂಗೆ ಎರಡು ತಿಂಗ್ಳ ವ್ಯಾಪಾರ ಆಯ್ತು. ನಾನು ಅದನ್ನೇ ವರ್ಷಪೂರ್ತಿ ಲೆಕ್ಕಕ್ಕೆ ಹಿಡ್ಕೊಂಡು ಚಪಾತಿ ಶುರು ಮಾಡ್ದೆ, ಕಾಯಿ ಚಟ್ನಿ ಶುರು ಮಾಡ್ದೆ, ಇಬ್ರು ಹುಡುಗ್ರನ್ನ ಇಟ್ಕೊಂಡೆ, ಹೋಟೆಲ್‌ಗೆ ಸಾಲಕ್ಕೆ ಕೊಟ್ಟೆ. ಚಟ್ನಿ ಹಿಟ್ಟಿಗಿಂತ ಬೇಗ ಹಳಸ್ತು, ಹೋಟೆಲ್ ಸಾಲ ನಲವತ್ತೆರಡು ಸಾವಿರ ನಿಂತೋಯ್ತು. ಏಳು ತಿಂಗ್ಳು ಜಗ್ಗಾಡಿ ಎಲ್ಲಾ ನಿಲ್ಲಿಸ್ದೆ. ಹಠ ಮಾಡಿ ಹಿಡ್ಕೊಂಡಿದ್ದು ಹಿಟ್ಟು ಒಂದನ್ನೇ, ಉಳಿದಿದ್ದೆಲ್ಲಾ ಕೈ ಬಿಟ್ಟೆ, ಕೈ ಬಿಟ್ಟಾಗ ಮಾವ, ಅಷ್ಟೇನಾ ನಿನ್ ತಾಕತ್ತು ಅಂದ್ರು. ಅಷ್ಟೇ ಮಾವ ಅಂದೆ. ಚಪಾತಿ ಬಿಟ್ಟ ತಿಂಗ್ಳೇ ಲಾಭ ಜಾಸ್ತಿ ಬಂದಿತ್ತು, ಅದೂ ನೋಟ್‌ಬುಕ್‌ನಲ್ಲಿದೆ.

ನನ್ ದೋಸ್ತ್ ಇದೆಲ್ಲದಕ್ಕಿಂತ ಮುಂಚೇನೇ, ಆ ಏಪ್ರಿಲ್‌ನಲ್ಲೇ, ಬೆಂಗ್ಳೂರಲ್ಲಿ ಕೆಲ್ಸ ಸಿಕ್ತು ಅಂತ ಹೋಗಿದ್ದ. ಕಷ್ಟದಲ್ಲಿ ಬಿಟ್ಟೋದ ಅಂತ ಎರಡು ವರ್ಷ ಸಿಕ್ಕಸಿಕ್ಕೋರ ಹತ್ರ ಹೇಳ್ಕೊಂಡು ಓಡಾಡಿದೀನಿ. ಒಂದಿನ ಹಳೇದೆಲ್ಲಾ ತೆಗ್ದು ನೋಡ್ತಾ ಕೂತಾಗ ಗೊತ್ತಾಯ್ತು, ಅವ್ನಿದ್ದ ಐದು ತಿಂಗ್ಳಲ್ಲಿ ಒಂದು ಸಾಲು ಲೆಕ್ಕಾನೂ ನಾನು ಬರ್ದಿಲ್ಲ. ಅರವತ್ತು ಸಾವಿರ ಹಾಕಿದೋನು ಪ್ರತಿ ಸಂಜೆ, ಎಷ್ಟು ಉಳೀತೋ ಅಂತ ಕೇಳೋನು, ನಾನು, ನೋಡೋಣ ಬಿಡೋ ಮಗಾ ಅನ್ನೋನು. ನಾನಾಗಿದ್ರೂ ಹೋಗಿರ್ತಿದ್ದೆ. ಫೋನ್ ಮಾಡಿ ಅಷ್ಟು ಹೇಳೋಕೆ ನಂಗೆ ಇನ್ನೂ ಮೂರು ತಿಂಗ್ಳು ಬೇಕಾಯ್ತು, ಹಿಟ್ಟು ಸರಿ ಮಾಡಿದ್ದಕ್ಕಿಂತ ಕಷ್ಟ ಅದು.

ದುಡ್ಡು ಕಂತಲ್ಲಿ ತೀರಿಸ್ದೆ. ಕೊನೇ ಇಪ್ಪತ್ತು ಸಾವಿರ ಹೋದ ತಿಂಗ್ಳು ಕೊಟ್ಟೆ, ಹಬ್ಬಕ್ಕೆ ಬಂದಿದ್ದ. ಎಣಿಸ್ಲಿಲ್ಲ, ಜೇಬಿಗೆ ಹಾಕ್ಕೊಂಡ, ಗ್ರೈಂಡರ್ ಪಕ್ಕ ನೇತಾಕಿದ್ದ ನೋಟ್‌ಬುಕ್ ಎಳ್ಕೊಂಡು ಒಂದೊಂದೇ ಪುಟ ತಿರುವ್ತಾ ಕೂತ. ಅವ್ವ ಕಾಫಿ ಕೊಟ್ಲು. ಒಂದ್ ಕಡೆ ನಿಲ್ಲಿಸಿ, ಇಲ್ಲೇನೋ ಮಾರ್ಚ್ ಒಂಬತ್ತಕ್ಕೆ ಏನೂ ಬರ್ದೇ ಇಲ್ವಲ್ಲೋ ಅಂದ.

ಅವತ್ತು ಅವ್ವನಿಗೆ ಜ್ವರ ಇತ್ತು ಕಣೋ, ರುಬ್ಲಿಲ್ಲ ಅಂದೆ.

ಅದನ್ನೂ ಬರಿ ಅಂತ ಕಿವಿಗೆ ಸಿಕ್ಕಿಸ್ಕೊಂಡಿದ್ದ ನನ್ ಪೆನ್ ಕಿತ್ಕೊಂಡು ಅವ್ನೇ ಬರ್ದ.